ನಾಯಿಯ ಚಾಪೆ

"ಅಪ್ಪಾ, ನೀನು ಪಕ್ಕದಲ್ಲಿ ಕೂತ್ಕೊಳ್ಳೋ ತನಕ ಅದು ಮಲಗಲ್ಲ!" ಮಗಳ ತಾಳ್ಮೆಯ ಕಟ್ಟೆ ಒಡೆದಿತ್ತು. ಕಪ್ಪು ಕನ್ನಡಕ ಹಾಕಿಸಿಕೊಂಡ ಮುದಿ ನಾಯಿ ಚಾಪೆಯ ಮೇಲೆ ಕುಂಟುತ್ತ ಸುತ್ತು ಹೊಡೆಯುತ್ತಿತ್ತು. ಅದರ ಸೊಂಟನೋವಿಗೆ ಲೇಸರ್ ಹಿಡಿಯಲು ಪಶುವೈದ್ಯೆ ಕಾಯುತ್ತಿದ್ದಳು. ಲೇಸರ್ ಬೆಳಕು ಕಣ್ಣಿಗೆ ತಾಗದಿರಲೆಂದು ಎಲ್ಲರಂತೆ ಅಂಥದೇ ಕನ್ನಡಕ ಹಾಕಿಕೊಂಡ ಅಪ್ಪ ಮಾತ್ರ ಕಂಬದಂತೆ ನಿಂತಿದ್ದ.

"ಕುರ್ಚಿ ಮೇಲೆ ಕೂತ್ರೆ ಆಗಲ್ವಾ?"

"ಯಾಕೆ, ಮೊಣಕಾಲು ನೋವಾ? ಆಸ್ಪತ್ರೆಗೆ ಹೋಗೋಣ ಅಂತ ಬಡ್ಕೊಂಡ್ರೆ ಗುಂಡುಕಲ್ಲಿನ ಹಾಗಿದೀನಿ ಅಂತೀಯ!"

"ಈಗ್ಲೂ ಹಾಗೇ ಇದೀನಿ," ಎನ್ನುತ್ತ ಅಪ್ಪ ಗೋಡೆ ಹಿಡಿದು ನಿಧಾನಕ್ಕೆ ಕೆಳಗೆ ಕೂತ. ನಾಯಿ ತಕ್ಷಣ ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿತು. ಲೇಸರಿನ ಬಿಸುಪು ಸೊಂಟದ ಮೇಲೆ ಓಡಾಡುತ್ತಿದ್ದಂತೆ ಗೊರಕೆಯನ್ನೂ ಹೊಡೆಯಿತು. "ನಾಯಿಗಿರೋ ಬುದ್ಧಿ ನಿನಗೂ ಇದ್ದಿದ್ರೆ..." ಎಂದು ಮಗಳು ಗೊಣಗಿದಳು.

ಯಂತ್ರ ನಿಂತಿತು. ನಾಯಿ ಎದ್ದು, ಮೈ ಕೊಡವಿ, ಬಾಗಿಲತ್ತ ನಡೆಯಿತು. ಎಲ್ಲರೂ ಕನ್ನಡಕ ತೆಗೆದರೂ ಅಪ್ಪ ತೆಗೆಯಲಿಲ್ಲ, ಚಾಪೆ ಬಿಟ್ಟು ಏಳಲೂ ಇಲ್ಲ.

"ಇನ್ನೇನಪ್ಪಾ ನಿಂದು? ಏಳು, ಹೊರಡೋಣ."

ಅಪ್ಪ ದನಿ ತಗ್ಗಿಸಿದ. "ಡಾಕ್ಟರಮ್ಮ ಆಚೆ ಹೋಗ್ಲಿ, ತಾಯಿ. ಆಮೇಲೆ ನನ್ನ ಸ್ವಲ್ಪ ಎತ್ತು."