ಹರಿಪ್ರಿಯಾಳ ಸಂಕಲ್ಪ

ಪಿಯುಸಿ ಮಕ್ಕಳು ದೇವಸ್ಥಾನದ ಊಟದ ಹಾಲ್‌ನಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಪೂಜೆಯ ಮಾತಾಡುತ್ತಿದ್ದಾರೆ ಎಂದರೆ ಅರ್ಚಕ ಶಂಕರನಾರಾಯಣ ಭಟ್ಟರು ನಂಬಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿಯಲ್ಲ ಅವರು. ಹುಡುಗರು ಗುಡಿಗೆ ಬರುವುದಿಲ್ಲವೆಂದು ಸಮಿತಿಯವರು ಒಂದು ಶನಿವಾರದ ಪೂಜೆಯನ್ನು ಅವರ ಕೈಗೇ ಕೊಟ್ಟಿದ್ದರು. ಅದಕ್ಕೆ ಮುಂದಾಳು ಭಟ್ಟರ ಮೊಮ್ಮಗಳು ಹರಿಪ್ರಿಯಾ. ಪಕ್ಕದಲ್ಲಿ ಅವಳ ಕ್ಲಾಸಿನ ಆ ಅನಿಕೇತ! ಭಟ್ಟರು ಖಾಲಿ ಹೂವಿನ ಬುಟ್ಟಿ ಹಿಡಿದು ಕಿಟಕಿಯ ಪಕ್ಕ ನಿಂತರು.

ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ನಗುತ್ತ ನಿಂತದ್ದನ್ನು ಕಂಡಾಗಿನಿಂದ ಅವರಿಗೆ ನೆಮ್ಮದಿಯಿರಲಿಲ್ಲ. ಅವಳ ಮೊಬೈಲ್ ಕದ್ದು ನೋಡಿದ್ದರು, ಕಾಲೇಜಿಗೆ ಫೋನ್ ಮಾಡಿ ವಿಚಾರಿಸಿದ್ದರು. ಏನೂ ಸಿಕ್ಕಿರಲಿಲ್ಲ, ಅದರಿಂದಲೇ ಅನುಮಾನ ಇನ್ನೂ ಗಟ್ಟಿಯಾಗಿತ್ತು. ವಿಷಯ ತಿಳಿದ ಮೊಮ್ಮಗಳು ಅಜ್ಜನ ಪಕ್ಕ ಊಟಕ್ಕೆ ಕೂರುವುದನ್ನೂ ಬಿಟ್ಟಿದ್ದಳು.

"ಅಜ್ಜಯ್ಯ, ಒಳಗೇ ಬನ್ನಿ. ನಿಮ್ ಕೆಮ್ಮು ಕೇಳ್ತು," ಎಂದಳು ಹರಿಪ್ರಿಯಾ.

"ಎಂತ ನಿಮ್ ಪ್ಲಾನು? ಡಿಜೆ ಹಾಕ್ತೀರಾ?" ಎನ್ನುತ್ತ ಭಟ್ಟರು ಒಳಗೆ ಬಂದರು.

"ಇಲ್ಲ ಭಟ್ರೇ," ಎಂದ ಅನಿಕೇತ. "ಪೂಜೆ ಎಲ್ಲ ನೀವು ಮಾಡೋ ಹಾಗೇ. ಸಂಕಲ್ಪ ಒಂದು ಮಾತ್ರ ಬೇರೆ. ಯಾವಾಗ್ಲೂ ನಮ್ಮನ್ನ ಕೇಳದೇ ವಿದ್ಯೆ ಬರ್ಲಿ ಅಂತ ಹೇಳಿ ಮುಗಿಸ್ತೀರಿ. ಈ ಸಲ ನಮಗೆ ಎಂತ ಬೇಕು ಅಂತ ನಾವೇ ಹೇಳ್ತೀವಿ. ಅದನ್ನ ನೀವು ದೇವ್ರಿಗೆ ಹೇಳಿ."

ಭಟ್ಟರಿಗೆ ಈಗ ಗೊತ್ತಾಯಿತು. ಇದೇ ಸಂಚು! ಊರವರ ಎದುರು, ತಮ್ಮ ಬಾಯಿಂದಲೇ ಇವರಿಬ್ಬರ ಮದುವೆಯ ಮಾತು ಆಡಿಸುವ ಸಂಚು. ಬೇಡವೆನ್ನೋಣವೆಂದರೆ ಸಮಿತಿ ಆಗಲೇ ಒಪ್ಪಿಬಿಟ್ಟಿತ್ತು.

ಶನಿವಾರ ಗುಡಿ ತುಂಬಿತ್ತು. ಅನಿಕೇತ ಅಮ್ಮನ ಮಂಡಿನೋವು ವಾಸಿಯಾಗಲಿ ಎಂದ. ಶ್ರಾವ್ಯಾ ಎಂಬ ಹುಡುಗಿ ಪರೀಕ್ಷೆಯ ಹೆದರಿಕೆ ಹೋಗಲಿ ಎಂದಳು. ಭಟ್ಟರು ಸರಾಗವಾಗಿ ದೇವರಿಗೆ ಒಪ್ಪಿಸಿದರು. ಕೊನೆಗೆ ಹರಿಪ್ರಿಯಾ ಅಕ್ಷತೆ ಹಿಡಿದು ಅಂಗೈ ಚಾಚಿದಳು.

"ನಿಂದೆಂತ? ಬೇಗ ಹೇಳು."

"ಅಜ್ಜಯ್ಯಂಗೆ ನನ್ ಮೇಲೆ ನಂಬಿಕೆ ಬರ್ಲಿ."

ಊರವರ ಬೇಡಿಕೆಗಳನ್ನೆಲ್ಲ ಎಲ್ಲೂ ತಡವರಿಸದೆ ದೇವರಿಗೆ ಮುಟ್ಟಿಸಿದ ನಾಲಿಗೆ ಅದು. ಮೊಮ್ಮಗಳ ಗೋತ್ರ ಹೇಳಿತು, ನಕ್ಷತ್ರ ಹೇಳಿತು, ಹೆಸರನ್ನೂ ಹೇಳಿತು. ಅಲ್ಲಿಗೆ ನಿಂತಿತು. ಅವಳು ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಅದರ ಮೇಲೆ ನೀರು ಬಿಡಬೇಕಾದ ಉದ್ಧರಣೆ ಭಟ್ಟರ ಕೈಯಲ್ಲೇ ಉಳಿದಿತ್ತು.