ಗದ್ದದ ಉತ್ತರ

"ತೆಗೀಲಾ?" ಪರದೆಯ ಮೇಲೆ ಜರ್ಮನಿಯ ಆಂಕೆ ಪಂಪಿನ ವಾಲ್ವಿಗೆ ಕೈಯಿಟ್ಟು ಕೇಳಿದಳು. ಕೊಳವೆಯ ನಟ್ಟು ಸಡಿಲವಿದ್ದುದನ್ನು ಕಂಡು, ಇತ್ತ ಜೋರ್ಡಾನಿನ ಇರ್ಬಿದ್ ಲ್ಯಾಬಿನಿಂದ ಸುಹೈಬ್ ಗದ್ದ ಮೇಲೆತ್ತಿ ಲೊಚಗುಟ್ಟಿದ. ಬೇಡ ಎನ್ನಲು ಇಲ್ಲಿ ಅಷ್ಟೇ ಸಾಕು. ಆಂಕೆ ಅದನ್ನು ಹೂಂ ಎಂದುಕೊಂಡು ತಿರುಗಿಸಿಯೇ ಬಿಟ್ಟಳು. ನೀರು ಚಿಮ್ಮಿ ಅವಳ ಮುಖ, ಕೂದಲೆಲ್ಲ ತೊಯ್ದವು.

"ಬಾಯಿ ಇಲ್ವೇನೋ ನಿಂಗೆ? ಗದ್ದದಲ್ಲೇ ಎಂಜಿನಿಯರಿಂಗ್ ಮಾಡ್ತೀಯಾ?" ಜೊತೆಗಾತಿ ರಹಫ್ ಸಿಡುಕಿದಳು. ಸುಹೈಬ್ ನಾಚುತ್ತ ಆಂಕೆಗೆ ತನ್ನ ಗದ್ದದ ಅರ್ಥ ಬಿಡಿಸಿ ಹೇಳಿದ. ಇವರ ಜಂಟಿ ಪ್ರಾಜೆಕ್ಟಿಗೆ ಅಂಕ ಹಾಕಬೇಕಿದ್ದ ಪ್ರೊಫೆಸರ್, "ಇನ್ನೈದೇ ನಿಮಿಷ," ಎಂದರು.

ಆಂಕೆ ವಾಲ್ವು ಮುಚ್ಚಿ, ಮುಖ ಒರೆಸಿಕೊಂಡು ನಟ್ಟು ಬಿಗಿಯತೊಡಗಿದಳು. ಸುಹೈಬ್‌ಗೆ ತಡೆಯಲಾಗಲಿಲ್ಲ. ಈ ಸಲ ಬಾಯಿಬಿಟ್ಟೇ ಕೂಗಿದ: "ಬಿಗಿದಿದ್ದು ಸಾಕು, ವಾಲ್ವು ತೆಗಿ ಮಾರಾಯ್ತಿ, ತೆಗಿ!"

ಆಂಕೆ ನಟ್ಟನ್ನು ಬೆರಳಿನಿಂದ ಅಲುಗಿಸಿ ನೋಡಿದಳು; ಅದು ಇನ್ನೂ ಅಲ್ಲಾಡುತ್ತಿತ್ತು. ಆಮೇಲೆ ಅಪ್ಪಟ ಇರ್ಬಿದ್‌ನವಳಂತೆ ಗದ್ದ ಮೇಲೆತ್ತಿ ಲೊಚಗುಟ್ಟಿದಳು.