ಪಳಗಿದ ಕಿವಿ

ಹೆಜ್ಜೆ ಸಪ್ಪಳ ಕೇಳಿದ್ದೇ ತಡ, ಆಯಾ ಪುಸ್ತಕವನ್ನು ಒಗೆಯುವ ಬಟ್ಟೆಯ ಬುಟ್ಟಿಗೆ ತುರುಕಿದಳು. ಮನೆಯ ಸೊಸೆ ಬಾಗಿಲಲ್ಲಿ ಇಣುಕಿ, ಹಾಸಿಗೆ ಹಿಡಿದ ಅತ್ತೆಯ ಕಡೆ ಒಮ್ಮೆ, ಆಯಾಳ ಕಡೆ ಒಮ್ಮೆ ನೋಡಿ ಹೋದಳು. ಸದ್ಯ, ಬಚಾವು.

ದಿನಬಳಕೆಯ ಇಂಗ್ಲಿಷ್ ಕಲಿಸುವ ಪುಸ್ತಕ ಅದು. ಆಯಾಳ ಮಗಳದ್ದು, ಅರ್ಧ ರಟ್ಟು ಹೋಗಿತ್ತು. ಆಯಾಳಿಗೆ ಓದುವ ಹುಚ್ಚೇನೂ ಇರಲಿಲ್ಲ. ಆದರೆ ಈ ಗಂಡಹೆಂಡತಿ ತಮ್ಮೊಳಗೆ ಕನ್ನಡ ಆಡುತ್ತಿದ್ದವರು, ಅವಳು ಒಳಗೆ ಬಂದೊಡನೆ ಇಂಗ್ಲಿಷಿಗೆ ಹಾರುತ್ತಿದ್ದರು. ನಡುನಡುವೆ ಅವಳತ್ತ ಕಣ್ಣು ಹಾಯಿಸುತ್ತಿದ್ದರು. ಎದುರಿಗೇ ನಿಂತವಳ ವಿಷಯ ಅವಳಿಗೇ ತಿಳಿಯದಂತೆ ಆಡಿದರೆ ಯಾರಿಗೆ ತಾನೆ ಮೈ ಉರಿಯುವುದಿಲ್ಲ? ಹಟ ಹಿಡಿದು ಕಲಿಯತೊಡಗಿದಳು. ಅಜ್ಜಿಯ ಮೇಲೆಯೇ ಪ್ರಯೋಗ. "ಗುಡ್ ಮಾರ್ನಿಂಗ್. ಆರ್ ಯೂ ಹಂಗ್ರಿ?" ಲಕ್ವ ಹೊಡೆದು ಅಜ್ಜಿಯ ಮಾತು ನಿಂತಿದ್ದರಿಂದ ತಪ್ಪು ತಿದ್ದುವವರಿರಲಿಲ್ಲ.

ಒಂದು ಮಧ್ಯಾಹ್ನ ನೋಡಿದರೆ ಬುಟ್ಟಿಯಲ್ಲಿ ಬಟ್ಟೆಯೇ ಇಲ್ಲ. ಸೊಸೆಯೇ ಎಲ್ಲವನ್ನೂ ಮಷೀನಿಗೆ ಹಾಕಿದ್ದಳು. ಆಯಾ ಗಾಬರಿಯಿಂದ ಬಗ್ಗಿ ತಡಕಿದಳು. ತಳದಲ್ಲಿ, ಒಂಟಿ ಕಾಲ್ಚೀಲದ ಕೆಳಗೆ, ಪುಸ್ತಕ ಹಾಗೇ ಇತ್ತು. ದೇವರು ದೊಡ್ಡವನು.

ಆಮೇಲಾಮೇಲೆ ಅವಳ ಕಿವಿ ಪಳಗಿತು. ಅರಳು ಹುರಿದಂತೆ ಪಟಪಟ ಸಿಡಿಯುತ್ತಿದ್ದ ಮಾತು ಈಗ ಬಿಡಿಬಿಡಿಯಾಗಿ ಕೇಳತೊಡಗಿತು. ಒಂದು ದಿನ "ಶೀ ಈಸ್ ಎ ಗುಡ್ ವುಮನ್" ಎಂದದ್ದು ಪೂರ್ತಿ ತಿಳಿಯಿತು. ಇನ್ನೊಂದು ದಿನ, "ಬ್ಯಾಕ್ ರೂಮ್ ಈಸ್ ಫಾರ್ ಹರ್. ಹರ್ ಡಾಟರ್ ಆಲ್ಸೋ."

ಹಿತ್ತಲ ಕೋಣೆ ತನಗೆ! ಅಕ್ಕನ ಮನೆಯ ಪಡಸಾಲೆಯಲ್ಲಿ, ಭಾವನ ಗೊಣಗಾಟ ಕೇಳಿಕೊಂಡು ಮಗಳೊಡನೆ ಮುದುಡಿ ಮಲಗುತ್ತಿದ್ದವಳಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಇಂಥವರಿಗೆ ಹಿಡಿಶಾಪ ಹಾಕಿದೆನಲ್ಲ ಎಂದು ನಾಚಿಕೆಯೂ ಆಯಿತು. ಅಂದಿನಿಂದ ದಿನಾ ಒಂದು ತಾಸು ಹೆಚ್ಚಿಗೆ ನಿಂತಳು. ಯಾರೂ ಹೇಳದೆಯೇ ಮೆಟ್ಟಿಲನ್ನೂ ಒರೆಸಿದಳು.

ಇವತ್ತು ಬೆಳಿಗ್ಗೆ ವೃದ್ಧಾಶ್ರಮದಿಂದ ಗೆಳತಿ ನರ್ಸ್ ಫೋನ್ ಮಾಡಿದಳು. "ಇಲ್ಲಿ ಕೆಲಸ ಖಾಲಿ ಇದೆ ಕಣೇ. ಇರೋಕೆ ರೂಮು, ಮಗಳಿಗೂ ಜಾಗ. ಐದು ಗಂಟೆಯೊಳಗೆ ಹೇಳು, ಇಲ್ಲಾಂದ್ರೆ ಬೇರೆಯವರಿಗೆ ಕೊಟ್ಬಿಡ್ತಾರೆ."

ನರ್ಸಿನ ಗಂಟಲೋ ದೊಡ್ಡದು. ಪಕ್ಕದಲ್ಲೇ ತರಕಾರಿ ಹೆಚ್ಚುತ್ತಿದ್ದ ಸೊಸೆಗೆ ಎಲ್ಲಿ ಕೇಳಿಸಿತೋ ಎಂದು ಆಯಾಳಿಗೆ ಮುಜುಗರವಾಯಿತು.

ನಾಲ್ಕೂವರೆಗೆ ಗಂಡ ಆಫೀಸಿನಿಂದ ಬೇಗ ಬಂದ. ಆಯಾ ಅಜ್ಜಿಗೆ ಹಾಲು ಕುಡಿಸುತ್ತಿದ್ದಳು. ಇಬ್ಬರೂ ಬಾಗಿಲಲ್ಲಿ ನಿಂತರು.

"ನೆಕ್ಸ್ಟ್ ಮಂತ್," ಎಂದ ಅವನು, "ವಿ ಗಿವ್ ಹರ್ ದ ಕೀ."

"ಯೆಸ್. ಬಟ್ ಡೋಂಟ್ ಟೆಲ್ ಹರ್ ನೌ."

ಕೀ ಎಂದರೆ ಬೀಗದ ಕೈ. ಹನ್ನೆರಡನೆಯ ಪಾಠ. ಆಯಾ ಉಳಿದ ಹಾಲನ್ನು ಅಜ್ಜಿಗೆ ಬೇಗಬೇಗ ಕುಡಿಸಿದಳು. ಬಾಯಿ ಒರೆಸಿ, ಹಿತ್ತಲಿಗೆ ಓಡಿ ಫೋನ್ ಹಚ್ಚಿದಳು.

"ಬೇಡ ಕಣೇ. ಬೇರೆಯವರಿಗೆ ಕೊಡ್ಲಿ."

"ತಲೆ ಕೆಟ್ಟಿದೆಯಾ ನಿಂಗೆ? ಇಂಥದ್ದು ಮತ್ತೆ ಸಿಗಲ್ಲ."

"ನಂಗೂ ಒಳ್ಳೆ ಕಾಲ ಬಂದಿದೆ ಬಿಡು. ಆಮೇಲೆ ಹೇಳ್ತೀನಿ."

ಆರು ಗಂಟೆಗೆ ಗೇಟು ಹಾಕಿಕೊಂಡು ಹೊರಟಳು. ಅವಳು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ಕಿಟಕಿಯಲ್ಲಿ ನಿಂತಿದ್ದ ಸೊಸೆ ಸೋಫಾದ ಮೇಲೆ ಕುಸಿದಳು.

"ಅಬ್ಬಾ, ಫೋನಲ್ಲಿ ಬೇಡ ಅಂದ್ಲು ರೀ, ಹಿತ್ತಲ ಬಾಗಿಲಲ್ಲಿ ನಿಂತು ಕೇಳಿಸ್ಕೊಂಡೆ. ಬುಟ್ಟೀಲಿ ಆ ಪುಸ್ತಕ ಸಿಕ್ಕಾಗಿಂದ ಎಳೆ ಮಗೂಗೆ ಹೇಳೋ ಹಾಗೆ ಬಿಡಿಸಿ ಬಿಡಿಸಿ ಹೇಳಿ ನಂಗೆ ದವಡೆ ನೋವು ಬಂತು. ಅದು ಸರಿ, ಒಂದನೇ ತಾರೀಖು ಹಿತ್ತಲ ಕೋಣೆಗೆ ಬಾಡಿಗೆಯವರು ಬರ್ತಾರಲ್ಲ, ಆಗ ಇವಳಿಗೆ ಏನ್ ಹೇಳೋದು?"

"ಅದನ್ನೂ ಇಂಗ್ಲಿಷಲ್ಲೇ ಹೇಳೋಣ," ಎಂದ ಗಂಡ. "ಸ್ವಲ್ಪ ಬೇಗ ಬೇಗ."